ಬಾಣಂತಿಗೆ ತಲೆನೋವೇ? ಮೊದಲು ಬಿಪಿ ನೋಡಿಸಿ

ಪ್ರಶ್ನೆ: ನಾನು ಅಟ್ಲಾಂಟಾದಲ್ಲಿದ್ದೇನೆ. ಜೊತೆಗೆ ಕೆಲಸ ಮಾಡುವ ಆಫ್ರಿಕನ್ ಅಮೆರಿಕನ್ ಗೆಳತಿಗೆ ಹೆರಿಗೆಯಾಗಿ ಐದು ವಾರ. ಮುಂದಿನ ವಾರ ಕೆಲಸಕ್ಕೆ ಬರುತ್ತಾಳೆ, ಹಾಗಾಗಿ ಎದೆಹಾಲು ಬಿಡಿಸಿ ಡಬ್ಬಿ ಹಾಲು ಶುರು ಮಾಡುತ್ತಾಳಂತೆ. ಅವಳ ಅಮ್ಮ, ಅಜ್ಜಿ ಯಾರೂ ಎದೆಹಾಲು ಕುಡಿಸಿಲ್ಲ. ಎರಡು ದಿನದಿಂದ ತಲೆನೋವು ಬೇರೆ, ನಿದ್ದೆಗೆಟ್ಟು ಇರಬೇಕು. ನನಗೆ ಊರಿಂದ ಅಮ್ಮ ಬಂದು ಬಾಣಂತನ ಮಾಡಿದ್ದರು. ಅವಳಿಗೆ ಯಾರೂ ಇಲ್ಲ. ನಾನೇನು ಮಾಡಲಿ?

ಉತ್ತರ: ಹಾಲಿನ ಮಾತು ಆಮೇಲೆ. ನಿದ್ದೆಗೆಟ್ಟ ತಲೆನೋವು ಅಂತ ಸುಮ್ನೆ ಬಿಡಬೇಡಿ, ಇವತ್ತೇ ಅವಳ ಬಿಪಿ ನೋಡಿಸಿ. ಬಸುರಿಯಾಗಿದ್ದಾಗ ಬಿಪಿ ಸರಿಯಿದ್ದವರಿಗೂ ಹೆರಿಗೆಯ ನಂತರ ಆರು ವಾರದವರೆಗೆ ಅದು ಏರಬಹುದು. ತಲೆನೋವಿನ ಜೊತೆ 140/90 ಮುಟ್ಟಿದ್ದರೆ ಅಂದೇ ಡಾಕ್ಟರಿಗೆ ತೋರಿಸಬೇಕು. ಮೇಲಿನದು 160 ಅಥವಾ ಕೆಳಗಿನದು 110 ಮುಟ್ಟಿದ್ದರೆ, ಕಣ್ಣು ಮಂಜಾದರೆ, ಎದೆ ನೋವು ಅಥವಾ ಉಸಿರಾಟದ ತೊಂದರೆ ಇದ್ದರೆ ನೇರ ಎಮರ್ಜೆನ್ಸಿಗೆ ಹೋಗಿ. ಒಳಗೆ ಕಾಲಿಟ್ಟ ತಕ್ಷಣ ‘ಹೆರಿಗೆಯಾಗಿ ಐದು ವಾರ’ ಅಂತ ಹೇಳಿ. ನೀವೂ ಜೊತೆಗೆ ಹೋಗಿ.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಅಮೆರಿಕದಲ್ಲಿ 2023ರಲ್ಲಿ ಪ್ರತಿ ಒಂದು ಲಕ್ಷ ಹೆರಿಗೆಗೆ ಸತ್ತ ತಾಯಂದಿರು ಬಿಳಿಯರಲ್ಲಿ 14.5, ಕಪ್ಪು ವರ್ಣೀಯರಲ್ಲಿ 50.3. ಇದು ಬರೀ ಬಡತನದ ಲೆಕ್ಕ ಅಲ್ಲ. ಕಾಲೇಜು ಓದಿದ ಕಪ್ಪು ಮಹಿಳೆಯರಿಗೂ ಈ ಅಪಾಯ ತಪ್ಪಿಲ್ಲ. 2017ರಲ್ಲಿ ಟೆನಿಸ್ ತಾರೆ ಸೆರೆನಾ ವಿಲಿಯಮ್ಸ್ ಹೆರಿಗೆಯ ಮರುದಿನ ಉಸಿರಾಡಲು ಕಷ್ಟಪಟ್ಟು, ಸಿಟಿ ಸ್ಕ್ಯಾನ್ ಮಾಡಿ ಅಂತ ಪಟ್ಟು ಹಿಡಿಯಬೇಕಾಯಿತು. ಕೊನೆಗೆ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದ್ದು ಕಂಡಿತು. ಅವರ ಮಾತಿಗೇ ಹೀಗಾದರೆ ಉಳಿದವರ ಪಾಡೇನು? ಬಸುರಿ, ಬಾಣಂತಿಯರ ಇಂಥ ಸಾವುಗಳಲ್ಲಿ ನೂರಕ್ಕೆ 80ಕ್ಕೂ ಜಾಸ್ತಿ ತಪ್ಪಿಸಬಹುದಾದವು ಅನ್ನುತ್ತದೆ ಅಲ್ಲಿನ ಸರ್ಕಾರದ ಆರೋಗ್ಯ ಸಂಸ್ಥೆ ಸಿಡಿಸಿ. ಅರ್ಧಕ್ಕಿಂತ ಹೆಚ್ಚು ಸಾವು ಆಗುವುದು ಹೆರಿಗೆಯ ಮೊದಲ ವಾರ ಕಳೆದ ಮೇಲೆ, ಅಂದರೆ ಮನೆಗೆ ಬಂದ ಮೇಲೆ. ಅದಕ್ಕೇ ಅವಳ ಪಕ್ಕದಲ್ಲಿ ಕೂತು, ‘ಇವಳು ಹೇಳುವುದನ್ನು ಕೇಳಿ’ ಅನ್ನುವ ಇನ್ನೊಬ್ಬರು ಬೇಕು.

ಈಗ ಹಾಲಿನ ವಿಷಯ. ಅಮ್ಮ, ಅಜ್ಜಿ ಕುಡಿಸಲಿಲ್ಲ ಅಂದಾಗ ಅಸಡ್ಡೆ ಅಂದುಕೊಳ್ಳಬೇಡಿ. ಗುಲಾಮಗಿರಿಯ ಕಾಲದಲ್ಲಿ ಕಪ್ಪು ತಾಯಂದಿರು ತಮ್ಮ ಕೂಸನ್ನು ಬಿಟ್ಟು ಯಜಮಾನರ ಮಕ್ಕಳಿಗೆ ಹಾಲೂಡಬೇಕಿತ್ತು. ಆ ನೋವು ಸುಲಭಕ್ಕೆ ಹೋಗುವಂಥದ್ದಲ್ಲ. ಆಮೇಲೆ ಡಬ್ಬಿ ಹಾಲಿನ ಜಾಹೀರಾತು ಬಂತು. 1946ರಲ್ಲಿ ನಾರ್ತ್ ಕೆರೊಲಿನಾದಲ್ಲಿ ಹುಟ್ಟಿದ ಫುಲ್ಟ್ಜ್ ಸೋದರಿಯರು, ಒಂದೇ ಹೆರಿಗೆಯ ನಾಲ್ಕು ಕಪ್ಪು ಹೆಣ್ಣುಮಕ್ಕಳು, ಹಾಲಿನ ಕಂಪನಿಯೊಂದರ ಜಾಹೀರಾತಿಗೆ ಮುಖವಾದರು. ಈಗ ಕೆಲಸದ ಒತ್ತಡ. ಅಮೆರಿಕದಲ್ಲಿ ಕೇಂದ್ರ ಕಾನೂನು ಕೊಡುವುದು 12 ವಾರದ ಸಂಬಳವಿಲ್ಲದ ರಜೆ, ಅದೂ ಎಲ್ಲರಿಗೂ ಇಲ್ಲ.

ಕುಡಿಸುವುದೋ ಬಿಡುವುದೋ, ತೀರ್ಮಾನ ಅವಳದು. ಆದರೆ ದಾರಿ ಇದೆ ಅಂತ ಅವಳಿಗೆ ಗೊತ್ತಿರಲಿ. 2022ರ ಕೊನೆಯಲ್ಲಿ ಬಂದ ಪಂಪ್ ಕಾನೂನಿನ ಪ್ರಕಾರ ಹೆರಿಗೆಯಾಗಿ ಒಂದು ವರ್ಷ ಹಾಲು ತೆಗೆಯಲು ಬಿಡುವು ಕೊಡಬೇಕು, ಶೌಚಾಲಯವಲ್ಲದ ಮರೆಯಾದ ಜಾಗ ಕೊಡಬೇಕು. ಸಣ್ಣ ಕಂಪನಿಗಳಿಗೆ ಕೆಲವು ವಿನಾಯಿತಿ ಇದೆ. ಹಾಲು ತೆಗೆಯುವ ಪಂಪಿನ ಖರ್ಚನ್ನು ಹೆಚ್ಚಿನ ವಿಮೆಗಳು ಕೊಡುತ್ತವೆ. ಹೆಚ್ಚೂಕಡಿಮೆ ಮೂರು ಗಂಟೆಗೊಮ್ಮೆ ಅವಳು ಆ ರೂಮಿಗೆ ಹೋದಾಗ ಅವಳ ಕೆಲಸ ನೀವು ನೋಡಿಕೊಂಡರೆ ದೊಡ್ಡ ಸಹಾಯ. ಎಷ್ಟೋ ಜನ ಕಾನೂನಿಲ್ಲದೆ ಅಲ್ಲ, ಸಹೋದ್ಯೋಗಿಗಳು ಗೊಣಗುತ್ತಾರೆ ಅಂತಲೇ ನಿಲ್ಲಿಸಿಬಿಡುತ್ತಾರೆ.

ನಿಮ್ಮ ಊರಲ್ಲೇ ಕಪ್ಪು ತಾಯಂದಿರಿಗಾಗಿ 2011ರಲ್ಲಿ ಶುರುವಾದ ‘ರೋಸ್’ ಸಂಸ್ಥೆ ಇದೆ. ಅಲ್ಲಿ ಅವಳ ಸಮುದಾಯದವರೇ ಸಿಗುತ್ತಾರೆ. ನಾನೋ ನೀವೋ ಹೇಳುವುದಕ್ಕಿಂತ ಅವರ ಮಾತು ಅವಳಿಗೆ ಹತ್ತಿರ ಅನ್ನಿಸಬಹುದು, ಅಲ್ವಾ?

ಬಿಡಿಸುವುದೇ ಆದರೆ ಒಂದೇ ಸಲಕ್ಕೆ ಬೇಡ, ಎದೆ ಕಟ್ಟಿಕೊಂಡು ಬಾವು, ಜ್ವರ ಬರಬಹುದು. ದಿನಕ್ಕೆ ಒಂದೆರಡು ಹೊತ್ತು ಎದೆಹಾಲು, ಉಳಿದದ್ದು ಡಬ್ಬಿ ಹಾಲು ಅಂದರೂ ತಪ್ಪೇನಿಲ್ಲ. ತೆಗೆದಿಟ್ಟ ಹಾಲು ಹೊರಗೆ ನಾಲ್ಕು ಗಂಟೆ, ಫ್ರಿಜ್‌ನಲ್ಲಿ ನಾಲ್ಕು ದಿನ ಇರುತ್ತದೆ.