ಮಗ್ಗಕ್ಕೆ ಜೋಡಿಸಿದ ಮೋಟಾರಿಗೆ ನೆರವು ಎಲ್ಲಿ ಸಿಗುತ್ತದೆ?

ಪ್ರಶ್ನೆ: ಮಾನ್ಯರೆ, ನಾನು ಡಿಪ್ಲೊಮಾ ಮುಗಿಸಿ ಗದಗದಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟುಕೊಂಡಿದ್ದೇನೆ. ಬೆಟಗೇರಿಯಲ್ಲಿರುವ ನಮ್ಮ ಸೋದರಮಾವನವರಿಗೆ ಬಾಲ್ಯದಲ್ಲಿ ಪೋಲಿಯೊ ಬಂದಿತ್ತು. ನೇಕಾರರ ಮನೆಯಲ್ಲಿ ಹುಟ್ಟಿದರೂ ಮಗ್ಗದ ಹಲಗೆ ತುಳಿಯಲಾಗದೆ ಕಂಡಿಕೆಗೆ ನೂಲು ಸುತ್ತುತ್ತ ಉಳಿದಿದ್ದಾರೆ. ಅವರಿಗಾಗಿ ಹಳೆಯ ಕಾರಿನ ವೈಪರ್ ಮೋಟಾರನ್ನು ಬ್ಯಾಟರಿಗೆ ಹೊಂದಿಸಿ, ಹಲಗೆ ತುಳಿದಾಗ ಆಗುವಂತೆ ಹಾಸಿನ (ಉದ್ದದ) ನೂಲನ್ನು ಎತ್ತಿ ಇಳಿಸುವ ಸಾಧನವೊಂದನ್ನು ಮಾಡಿದ್ದೇನೆ. ಇನ್ನೂ ಹತ್ತು ಸಾಧನಗಳನ್ನು ಮಾಡಬೇಕೆಂದಿದ್ದೇನೆ. ಇದಕ್ಕೆ ಹಣ ಎಲ್ಲಿ ಕೇಳಬೇಕು?

ಉತ್ತರ: ನಿಮ್ಮ ಪತ್ರ ಓದಿ ಬಹಳ ಸಂತೋಷವಾಯಿತು. ನೇಯುವವರ ಒಂದು ಕೈ ಅಡ್ಡನೂಲು ಒಯ್ಯುವ ಲಾಳಿಯ ಹಗ್ಗ ಎಳೆಯುತ್ತಿದ್ದರೆ ಇನ್ನೊಂದು ಕೈ ಆ ಹೊಕ್ಕಿನ ನೂಲನ್ನು ಬಡಿದು ಕೂರಿಸುತ್ತಿರುತ್ತದೆ. ಕಾಲಿನ ಕೆಲಸವನ್ನು ಕೈಗೆ ವಹಿಸಲು ಅಲ್ಲಿ ಎಡೆಯೇ ಇಲ್ಲವೆಂಬುದನ್ನು ಅರಿತು ನೀವು ಮೋಟಾರಿನ ದಾರಿ ಹಿಡಿದಿದ್ದೀರಿ.

ಮಾದರಿ ಸಿದ್ಧಪಡಿಸುವ ಹಂತಕ್ಕೆ ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ನಿಧಿ-ಪ್ರಯಾಸ್ ಯೋಜನೆ ಹೊಂದುತ್ತದೆ. ಹೊಸ ಉದ್ಯಮಗಳನ್ನು ಬೆಳೆಸುವ ಕೇಂದ್ರಗಳಾದ ಆಯ್ದ ಇನ್‌ಕ್ಯುಬೇಟರ್‌ಗಳ ಮೂಲಕ 10 ಲಕ್ಷ ರೂಪಾಯಿವರೆಗೆ ಅನುದಾನ ದೊರೆಯುತ್ತದೆ. ರಾಜ್ಯ ಸರ್ಕಾರದ ಎಲಿವೇಟ್ ಯೋಜನೆಯಲ್ಲಿ ಮೊತ್ತ 50 ಲಕ್ಷದವರೆಗೆ ಇದ್ದರೂ ಅದು ನೋಂದಾಯಿತ ನವೋದ್ಯಮಗಳಿಗೆ ಮೀಸಲು. ಈಗಲೇ ಕಂಪನಿ ಕಟ್ಟುವ ಆತುರ ನಿಮಗೆ ಬೇಡ. ಹುಬ್ಬಳ್ಳಿಯ ದೇಶಪಾಂಡೆ ಸ್ಟಾರ್ಟಪ್ಸ್ ಅಥವಾ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯದ ಉದ್ಯಮಶೀಲತಾ ಕೇಂದ್ರಕ್ಕೆ ಸಾಧನದ ವಿಡಿಯೊದೊಂದಿಗೆ ಹೋಗಿ, ನಿಮಗೆ ಒಪ್ಪುವ ಯೋಜನೆ ಯಾವುದೆಂದು ವಿಚಾರಿಸಿರಿ. ದೊಡ್ಡ ಕಂಪನಿಗಳು ಸಾಮಾಜಿಕ ಹೊಣೆಗಾರಿಕೆಗಾಗಿ ತಮ್ಮ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 2ರಷ್ಟನ್ನು ತೆಗೆದಿಡಬೇಕೆಂದು 2013ರ ಕಂಪನಿ ಕಾಯ್ದೆ ಹೇಳುತ್ತದೆ. ಆ ಹಣಕ್ಕೆ ಪ್ರಯತ್ನಿಸುವುದಾದರೆ ನೋಂದಾಯಿತ ಸಂಸ್ಥೆಯೊಂದನ್ನು ಜೊತೆಗೆ ಕರೆದುಕೊಳ್ಳಿರಿ.

ಹಣಕ್ಕಿಂತ ಮೊದಲು ಇತ್ಯರ್ಥವಾಗಬೇಕಾದ ಇನ್ನೊಂದು ಮಾತಿದೆ, ನನಗೆ ಹೆಚ್ಚು ಚಿಂತೆ ತಂದದ್ದೂ ಅದೇ. 1985ರ ಕೈಮಗ್ಗ ಮೀಸಲಾತಿ ಕಾಯ್ದೆಯ ಪ್ರಕಾರ ವಿದ್ಯುತ್ ಮಗ್ಗವಲ್ಲದ ಮಗ್ಗ ಮಾತ್ರ ಕೈಮಗ್ಗ. ಪುಟ್ಟ ಮೋಟಾರು ಕೂಡಿಸಿದ ಕಾರಣಕ್ಕೆ ಯಾರಾದರೂ ನಿಮ್ಮ ಮಾವನವರ ಮಗ್ಗವನ್ನು ವಿದ್ಯುತ್ ಮಗ್ಗವೆಂದು ಬಗೆದರೆ, ಕೈಮಗ್ಗ ನೇಕಾರರಿಗೆ ಸಲ್ಲುವ ಸೌಲಭ್ಯಗಳು ಅವರ ಕೈತಪ್ಪುವ ಅಪಾಯವಿದೆ. ಲಾಳಿ ಹೊಡೆಯುವವರು ಅವರೇ, ಬಡಿಯುವವರೂ ಅವರೇ. ಮೋಟಾರು ಅವರ ಕಾಲಿನ ಬದಲಿಗಷ್ಟೇ ಇದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯು ಇಂತಹ ಅಗತ್ಯ ಮಾರ್ಪಾಡುಗಳ ಪರವಾಗಿ ಮಾತನಾಡುತ್ತದೆ. ಇದನ್ನು ವಿವರಿಸಿ ಕೈಮಗ್ಗ ಮತ್ತು ಜವಳಿ ಇಲಾಖೆಗೂ ವಿಕಲಚೇತನರ ಸಬಲೀಕರಣ ಇಲಾಖೆಗೂ ಅರ್ಜಿ ಕೊಟ್ಟು, ಉತ್ತರವನ್ನು ಬರವಣಿಗೆಯಲ್ಲೇ ಪಡೆಯಿರಿ. ಹೊಸ ಸಾಧನಕ್ಕೆ ಅನುದಾನ ಕೊಟ್ಟು, ಅದನ್ನು ಬಳಸುವವರ ಸವಲತ್ತನ್ನು ಕಸಿದುಕೊಂಡರೆ ಅದು ನೆರವಾಗುವುದಿಲ್ಲ.

ಹತ್ತು ಸಾಧನ ಮಾಡುವ ವಿಚಾರವನ್ನು ಸ್ವಲ್ಪ ಮುಂದಕ್ಕೆ ಹಾಕಿರಿ. ಮೊದಲು ಎರಡನ್ನು ಮಾಡಿ, ಬೇರೆ ಬೇರೆ ಬಗೆಯ ತೊಂದರೆಯಿರುವ ಇಬ್ಬರು ನೇಕಾರರಿಂದ ಒಂದು ತಿಂಗಳು ನೇಯಿಸಿರಿ. ಆ ದಿನಗಳ ಕೂಲಿಯನ್ನು ಅಂದಾಜು ಪಟ್ಟಿಯಲ್ಲಿ ಸೇರಿಸಲು ಸಂಕೋಚಪಡಬೇಡಿರಿ. ಐಐಟಿ ದೆಹಲಿಯಲ್ಲಿ ಅಂಧರಿಗಾಗಿ ವಿದ್ಯಾರ್ಥಿಗಳ ಪ್ರಾಜೆಕ್ಟಾಗಿ ಆರಂಭವಾದ ಸ್ಮಾರ್ಟ್‌ಕೇನ್ ಕೈಕೋಲು, ಬಳಸುವವರ ಕೈಯಲ್ಲಿ ಮತ್ತೆ ಮತ್ತೆ ಪರೀಕ್ಷೆಗೊಳಗಾಗಿ ಮಾರುಕಟ್ಟೆ ತಲುಪಿದ್ದು 2014ರಲ್ಲಿ. ನಿಮ್ಮ ಪತ್ರದಲ್ಲಿ ಮೋಟಾರಿನ ವಿವರ ಸಾಕಷ್ಟಿದೆ, ಆದರೆ ಮಾವನವರು ಮಗ್ಗದ ಕೂರುಮಣೆಗೆ ಹೇಗೆ ಏರುತ್ತಾರೆ, ಕುಣಿಮಗ್ಗವಾದರೆ ಕಾಲನ್ನು ಕುಣಿಯೊಳಗೆ ಯಾರು ಇಳಿಸುತ್ತಾರೆ ಎಂಬುದಿಲ್ಲ. ಅಲ್ಲಿಗೆ ಇನ್ನೊಬ್ಬರ ಹೆಗಲು ಬೇಕಾಗುತ್ತಿದ್ದರೆ, ಕೂರುಮಣೆಯ ಎತ್ತರ ಮತ್ತು ಹಿಡಿದುಕೊಳ್ಳುವ ಒಂದು ಕಬ್ಬಿಣದ ಸರಳೂ ನಿಮ್ಮ ಸಾಧನದ ಭಾಗವೇ. ಅದಕ್ಕೆ ನಿಮ್ಮ ಅಂಗಡಿಯೊಂದೇ ಸಾಕು. ಅನುದಾನಕ್ಕೆ ಕಾಯದೆ ಈ ವಾರವೇ ಅಳತೆ ತೆಗೆದುಕೊಳ್ಳಿರಿ.