ಕಾಲೇಜು ಬದಲಿಸಿದ್ರೆ ವರ್ಷ ಹಾಳಾಗುತ್ತಾ?

ಎರಡನೇ ಸೆಮಿಸ್ಟರ್ ಆದ್ಮೇಲೆ ಕಾಲೇಜು ಬಿಟ್ಟು ಬೇರೆ ಕಡೆ ಸೇರಿದ್ರೆ ವರ್ಷ ಹೋಗೋದು ಹೆಚ್ಚಾಗಿ ಸಿಲಬಸ್ ಹೊಂದದೆ ಕ್ರೆಡಿಟ್ (ಪಾಸಾದ ಪೇಪರಿಗೆ ಡಿಗ್ರಿ ಲೆಕ್ಕದಲ್ಲಿ ಸಿಗೋ ಪಾಯಿಂಟ್) ಬಿದ್ದುಹೋಗೋದ್ರಿಂದ. ನನಗೂ ಹಾಗೇ ಆಯ್ತು: ಪೇಪರಿನ ಹೆಸರು ಒಂದೇ, ಒಳಗಿನ ಯೂನಿಟ್‌ಗಳು ಬೇರೆ, ಎರಡು ಪೇಪರ್ ಮತ್ತೆ ಬರೆದೆ.

ಮೊದಲು ಅಂಕಪಟ್ಟಿ, ಸಿಲಬಸ್ ಪ್ರತಿ ಎರಡನ್ನೂ ಹೊಸ ಕಾಲೇಜಿಗೆ ಕೊಟ್ಟು, ಯಾವ್ಯಾವ ಪೇಪರ್ ಒಪ್ತಾರೆ ಅಂತ ಬರಹದಲ್ಲೇ ತಗೊಳ್ಳಿ. ಕೌಂಟರ್‌ನಲ್ಲಿ "ಆಗುತ್ತೆ ಬಿಡಿ" ಅಂದಿದ್ದು ಲೆಕ್ಕಕ್ಕಿಲ್ಲ. ವಿಶ್ವವಿದ್ಯಾಲಯವೇ ಬೇರೆಯಾದ್ರೆ ಎಷ್ಟು ಒಪ್ತಾರೋ ಹೇಳೋಕಾಗಲ್ಲ, ಅವರನ್ನೇ ಕೇಳಬೇಕು. ಆಮೇಲೆ ಕಟ್ಟಿದ ಫೀಸಿನಲ್ಲಿ ಎಷ್ಟು ವಾಪಸ್ ಬರುತ್ತೆ ನೋಡಿ. ಅಲ್ಲಿ ಸೀಟು ಖಾತ್ರಿಯಾಗೋವರೆಗೂ ಇಲ್ಲಿ ಟಿಸಿ ಕೇಳಲೇಬೇಡಿ.

ಬೇಜಾರು ಬರೀ ಹಾಸ್ಟೆಲ್ ರೂಮಿನದ್ದಾದ್ರೆ, ಮೊದಲು ರೂಮ್ ಬದಲಿಸಿ ನೋಡಿ.