‘ಎಮ್ಮಾ’ ಚರ್ಚೆಯನ್ನು ‘ಇಷ್ಟ ಆದಳಾ’ ಅಂತ ಶುರು ಮಾಡಬೇಡಿ

ಓದುಗರ ಬಳಗದಲ್ಲಿ ಜೇನ್ ಆಸ್ಟಿನ್ ಬರೆದ ‘ಎಮ್ಮಾ’ ಕಾದಂಬರಿಯ ಚರ್ಚೆ ನಡೆಸಬೇಕು, ಆಗಿನ ಇಂಗ್ಲೆಂಡಿನ ಮೇಲು-ಕೀಳಿನ ಬಗ್ಗೆ ಮೊದಲು ಪೀಠಿಕೆ ಹಾಕಲಾ, ಇಲ್ಲ ಪ್ರಶ್ನೆಗಳ ಪಟ್ಟಿ ಕೊಡಲಾ ಅಂತ ಕೇಳಿದ್ದೀರಿ. ಎರಡೂ ಬೇಡ. ನಾನು ಎರಡನ್ನೂ ಮಾಡಿ ಒಬ್ಬ ಒಳ್ಳೆಯ ಓದುಗರನ್ನು ಕಳೆದುಕೊಂಡಿದ್ದೇನೆ.

ಮೈಸೂರಿನಲ್ಲಿ ನಮ್ಮದು ಒಂಬತ್ತು ಜನರ ಗುಂಪು. ತಿಂಗಳಿಗೊಂದು ಭಾನುವಾರ ಸೇರುತ್ತೇವೆ. ಆ ಸಲ ನಮ್ಮ ಮನೆಯಲ್ಲಿ. ಎರಡು ಪುಟ ಟಿಪ್ಪಣಿ ಮಾಡಿಟ್ಟುಕೊಂಡಿದ್ದೆ. 1815ರ ಡಿಸೆಂಬರ್‌ನಲ್ಲಿ ಬಂದ ಪುಸ್ತಕ, ಮೂರು ಸಂಪುಟ, ಆಗ ರಾಜ್ಯಭಾರ ನೋಡುತ್ತಿದ್ದ ಯುವರಾಜನಿಗೆ ಅರ್ಪಣೆ ಅಂತೆಲ್ಲ ಓದಿ ಹೇಳಿದೆ. ಆಮೇಲೆ ಕೇಳಿದೆ, "ಎಮ್ಮಾ ನಿಮಗೆಲ್ಲ ಇಷ್ಟ ಆದಳಾ?"

ಆ ಒಂದು ಪ್ರಶ್ನೆಯೇ ತಪ್ಪು. ಸುಲಭದ ಪ್ರಶ್ನೆ, ಎಲ್ಲರೂ ಬಾಯಿ ಬಿಡುತ್ತಾರೆ ಅಂದುಕೊಂಡಿದ್ದೆ. ಕೇಳಿದ ಕೂಡಲೇ ನಮ್ಮ ಹಾಲ್ ಹೆಣ್ಣು ನೋಡುವ ಮನೆಯಾಯ್ತು. ಜಂಬದ ಹುಡುಗಿ ಅಂದರು ಒಬ್ಬರು. ಅಪ್ಪನನ್ನು ಎಷ್ಟು ಚೆನ್ನಾಗಿ ನೋಡಿಕೊಳ್ಳುತ್ತಾಳೆ ಅಂದರು ಇನ್ನೊಬ್ಬರು. ಇನ್ನೂ ಚಿಕ್ಕವಳು, ಬುದ್ಧಿ ಬರುತ್ತೆ ಬಿಡಿ ಅಂದರು ಮತ್ತೊಬ್ಬರು. ಎಮ್ಮಾ ಊರಿನವರಿಗೆಲ್ಲ ಮಾಡೋದೂ ಇದನ್ನೇ ಅಲ್ವಾ? ಜನರನ್ನು ತೂಗಿ, ಇವರು ಆಗಬಹುದು, ಇವರು ಬೇಡ ಅನ್ನೋದು. ನಾವೂ ಅವಳನ್ನು ಹಾಗೇ ತೂಗುತ್ತಾ ಎರಡು ಗಂಟೆ ಕಳೆದೆವು. ಇಂಥ ಪ್ರಶ್ನೆಗೆ ದನಿ ಜೋರಾಗಿರುವವರು ಮಾತಾಡುತ್ತಾರೆ. ಉತ್ತರ ಹೇಳೋಕೆ ಪುಸ್ತಕ ತೆಗೆಯುವ ಅಗತ್ಯವೇ ಬೀಳಲ್ಲ.

ಒಬ್ಬರ ತೊಡೆಯ ಮೇಲೆ ಮಾತ್ರ ಪುಸ್ತಕ ತೆರೆದಿತ್ತು. ನನಗಿಂತ ಹಿರಿಯರು, ಮನೆಯಲ್ಲೇ ಮಕ್ಕಳಿಗೆ ಟ್ಯೂಷನ್ ಹೇಳಿಕೊಡುತ್ತಾರೆ. ಅವತ್ತು ಒಂದು ಮಾತೂ ಆಡಲಿಲ್ಲ. ಮುಂದಿನ ತಿಂಗಳು ಬರಲೂ ಇಲ್ಲ. ನನ್ನ ಪುಸ್ತಕ ವಾಪಸ್ ಕೊಡೋಕೆ ಬಂದಾಗ ನೋಡಿದೆ, 23ನೇ ಅಧ್ಯಾಯದ ಅಂಚಿನಲ್ಲಿ ಪೆನ್ಸಿಲ್‌ನಿಂದ ಸಣ್ಣದಾಗಿ ‘14’ ಅಂತ ಬರೆದಿದ್ದರು.

ಆ ಅಧ್ಯಾಯದ ಕಥೆ ಇದು. ಎಮ್ಮಾಳ ಗೆಳತಿ ಹ್ಯಾರಿಯೆಟ್ ಅಪ್ಪ ಯಾರೆಂದು ಗೊತ್ತಿಲ್ಲದ ಹುಡುಗಿ. ಗೇಣಿ ರೈತ ರಾಬರ್ಟ್ ಮಾರ್ಟಿನ್ ಅವಳನ್ನು ಮದುವೆ ಕೇಳಿ ಪತ್ರ ಬರೆಯುತ್ತಾನೆ. ಅವನು ನಿನಗೆ ತಕ್ಕವನಲ್ಲ ಅಂತ ಎಮ್ಮಾ ಅವಳಿಂದ ಬೇಡ ಅನ್ನಿಸುತ್ತಾಳೆ. ಮುಂದೆ ಅವನ ತಾಯಿ, ತಂಗಿಯರನ್ನು ನೋಡಲು ಅವಳನ್ನು ಗಾಡಿಯಲ್ಲಿ ತಂದು ಬಿಡುತ್ತಾಳೆ, ಕಾಲು ಗಂಟೆಯ ಲೆಕ್ಕ ಇಟ್ಟು. ಮೊದಮೊದಲು ಬಿಗುಮಾನ. ಎತ್ತರ ಆಗಿದ್ದೀಯಲ್ಲ ಅಂತ ತಾಯಿ ಹೇಳಿದ್ದೇ ತಡ, ಎಲ್ಲರ ಕಣ್ಣೂ ಕಿಟಕಿ ಪಕ್ಕದ ಹಲಗೆಗೆ ಹೋಗುತ್ತೆ. ಹಿಂದಿನ ಸೆಪ್ಟೆಂಬರಿನಲ್ಲಿ ಹುಡುಗಿಯರ ಎತ್ತರ ಅಳೆದ ಪೆನ್ಸಿಲ್ ಗುರುತು ಅಲ್ಲಿ ಇನ್ನೂ ಇದೆ. ಹಾಕಿದವನು ರಾಬರ್ಟ್. ಮನಸ್ಸು ಕರಗುವ ಹೊತ್ತಿಗೆ ಗಾಡಿ ಬಂತು. ಆರು ವಾರ ಖುಷಿಯಾಗಿ ಇದ್ದ ಮನೆಗೆ ಹದಿನಾಲ್ಕು ನಿಮಿಷ.

"ನಮ್ಮಕ್ಕನ ಮನೆಗೆ ಹೋದರೂ ಹೀಗೇನೇ," ಅಂದರು ಪುಸ್ತಕ ವಾಪಸ್ ಕೊಡೋಕೆ ಬಂದ ಅವರು. "ಕಾಫಿ ಕೊಡ್ತಾಳೆ, ಗಡಿಯಾರ ನೋಡ್ತಾಳೆ." ಒಳಗೆ ಬನ್ನಿ ಅಂದೆ. ಚಪ್ಪಲಿ ಬಿಡಲಿಲ್ಲ. ಎರಡು ವರ್ಷ ಆಯ್ತು, ಗುಂಪಿಗೆ ಮತ್ತೆ ಬಂದಿಲ್ಲ.

ಈ ಮಾತು ಅವತ್ತು ನಮ್ಮ ಹಾಲ್‌ನಲ್ಲಿ ಬರಬೇಕಿತ್ತು. ನನ್ನ ಪ್ರಶ್ನೆಯೇ ಅದಕ್ಕೆ ಅಡ್ಡ ಕೂತಿತ್ತು.

ಪೀಠಿಕೆ ಯಾಕೆ ಬೇಡ ಅಂದರೆ, ಲೆಕ್ಕವೆಲ್ಲ ಪುಸ್ತಕದೊಳಗೇ ಇದೆ. ಎಮ್ಮಾ 30,000 ಪೌಂಡಿನ ಒಡತಿ. ಅವಳು ಒಲ್ಲೆ ಅಂದ ಮೇಲೆ ಪಾದ್ರಿ ಎಲ್ಟನ್ ಸುಮಾರು 10,000 ಪೌಂಡಿನ ಹುಡುಗಿಯನ್ನು ಕಟ್ಟಿಕೊಂಡು ಬರುತ್ತಾನೆ. ವರದಕ್ಷಿಣೆಯ ಮಾತು ಕೇಳಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾ?

ಆ 23ನೇ ಅಧ್ಯಾಯದ ಮೊದಲ ಎರಡು ಪುಟ ಯಾರಾದರೂ ಗಟ್ಟಿಯಾಗಿ ಓದಲಿ. ಓದಿ ಮುಗಿದ ಮೇಲೆ ಸುಮ್ನೆ ಇರಿ, ಎಷ್ಟು ಹೊತ್ತಾದರೂ ಸರಿ. ಯಾರೂ ಮಾತಾಡದಿದ್ದರೆ ಒಂದೇ ಕೇಳಿ: ಆ ಕೋಣೆಯಲ್ಲಿ ರಾಬರ್ಟ್‌ನ ತಾಯಿ ಏನು ಹೇಳಬೇಕು ಅಂತಿದ್ದರು?

ಇದನ್ನು ಸುಖಾಂತ ಅಂತ ಯಾರಾದರೂ ಅಂದರೆ ಕೊನೆಯ ಅಧ್ಯಾಯ ತೆರೆಸಿ. ಹ್ಯಾರಿಯೆಟ್ ಕೊನೆಗೆ ರಾಬರ್ಟ್‌ನನ್ನೇ ಮದುವೆಯಾಗುತ್ತಾಳೆ. ಅವಳ ಅಪ್ಪ ಒಬ್ಬ ವ್ಯಾಪಾರಿ ಅಂತ ಗೊತ್ತಾಗುತ್ತೆ. ಅಲ್ಲಿಂದ ಎಮ್ಮಾ ಜೊತೆಗಿನ ಸಲಿಗೆ ಕಡಿಮೆಯಾಗುತ್ತಾ ಹೋಗುತ್ತೆ, ಹಾಗೆ ಆಗಲೇಬೇಕಿತ್ತು ಅನ್ನೋ ಹಾಗೆ. ಆ ಸಾಲನ್ನೂ ಗಟ್ಟಿಯಾಗಿ ಓದಿಸಿ.